ಕುಂದಿಲ್ಲದಂತೆ ಮಾಡಲಾಗದಿದ್ದರೆ ಮಾಡುವುದೇ ಬೇಡವೇ? ಇಹ್ಸಾನ್ ಕುರಿತು ಒಂದು ಚರ್ಚೆ

ತುಂಗಾತೀರ:

ಅಸ್ಸಲಾಮು ಅಲೈಕುಮ್. ಉಳಿದ ಗೆಳೆಯರಿಗೆ ನಮಸ್ಕಾರ.

ನಾನು ಶಿವಮೊಗ್ಗದ ಕಡೆಯವಳು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೇಳಿಕೊಳ್ಳಲು ಹೋದರೆ ನನ್ನ ಸಮಸ್ಯೆ ಒಂದು ಸಮಸ್ಯೆಯೇ ಅಲ್ಲ ಅನ್ನಿಸುತ್ತದೆ. ಆದರೆ ಅದು ಒಳಗೊಳಗೇ ನನ್ನನ್ನು ತಿನ್ನುತ್ತಿದೆ. ಯಾವ ಕೆಲಸವಾದರೂ ಎಳ್ಳಷ್ಟೂ ಕುಂದಿಲ್ಲದಂತೆ ಆಗಬೇಕು, ಇಲ್ಲದಿದ್ದರೆ ಅದಕ್ಕೆ ಕೈಹಾಕುವುದೇ ಬೇಡ ಎನ್ನುವ ಹಟ. ಪಿಎಚ್‌ಡಿ ಪ್ರಬಂಧದ ಅಧ್ಯಾಯವೊಂದು ಬರೆದು ಮುಗಿದಿದೆ. ಮಾರ್ಗದರ್ಶಕರು ಕೇಳಿ ಕೇಳಿ ಸುಮ್ಮನಾಗಿದ್ದಾರೆ. ಕಳುಹಿಸಲು ಕೂತರೆ ಎಲ್ಲೋ ಒಂದು ಅಡಿಟಿಪ್ಪಣಿ ಕಣ್ಣಿಗೆ ಚುಚ್ಚುತ್ತದೆ, ಅಲ್ಲಿಂದ ಇಡೀ ಪುಟ ಬಿಚ್ಚಿಕೊಳ್ಳುತ್ತದೆ.

ಇಬಾದತ್ತಿನಲ್ಲೂ (ಆರಾಧನೆಯಲ್ಲೂ) ಇದೇ ಗೋಳು. ಫಜ್ರ್ (ನಸುಕಿನ ನಮಾಜ್) ತಪ್ಪಿತೋ, ಇವತ್ತಿನ ದಿನವೇ ಕೆಟ್ಟಿತು ಎಂದು ಮಧ್ಯಾಹ್ನದ ಜುಹರ್‌ಗೂ ಮನಸ್ಸು ಬರುವುದಿಲ್ಲ. ಕುರ್‌ಆನನ್ನು ಸರಿಯಾಗಿ ಉಚ್ಚರಿಸಿ ಓದಲು ಕಲಿಸುವ ತಜ್ವೀದ್ ತರಗತಿಗೆ ಸೇರಿದ್ದೆ. ನನಗಿಂತ ಚಿಕ್ಕ ವಯಸ್ಸಿನವರೆದುರು ತೊದಲುತ್ತಾ ಓದಲು ಆಗದೆ, ಮೊದಲು ಮನೆಯಲ್ಲೇ ಸರಿಪಡಿಸಿಕೊಂಡು ಆಮೇಲೆ ಹೋಗೋಣ ಎಂದು ನಿಲ್ಲಿಸಿದೆ. ಮನೆಯಲ್ಲಿ ಓದೂ ಆಗಲಿಲ್ಲ, ತರಗತಿಗೂ ಹೋಗಲಿಲ್ಲ.

ವಿಚಿತ್ರವೆಂದರೆ ಮನೆಯವರು ಇದನ್ನೇ ಹೊಗಳುತ್ತಾರೆ. "ನಮ್ಮ ಹುಡುಗಿಗೆ ಎಲ್ಲವೂ ಅಚ್ಚುಕಟ್ಟಾಗಿ ಇರಬೇಕು, ಎಷ್ಟು ತಖ್ವಾ (ದೇವಭಕ್ತಿ) ನೋಡಿ" ಎನ್ನುತ್ತಾರೆ. ಪ್ರತಿಯೊಂದರಲ್ಲೂ ಇಹ್ಸಾನ್ ಇರಬೇಕು, ಅಂದರೆ ಮಾಡುವುದನ್ನು ಒಳ್ಳೆಯ ರೀತಿಯಲ್ಲಿ ಮಾಡಬೇಕು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಹಾಗಾದರೆ ನನ್ನ ಈ ಹಟಕ್ಕೂ ಇಹ್ಸಾನ್‌ಗೂ ಏನು ವ್ಯತ್ಯಾಸ? "ತಲೆ ಕೆಡಿಸಿಕೊಳ್ಳಬೇಡಿ" ಎಂಬ ಉತ್ತರ ದಯವಿಟ್ಟು ಬೇಡ, ಅದು ಬೇಕಾದಷ್ಟು ಸಿಕ್ಕಿದೆ.

ಕಡಲ ಕಿನಾರೆ:

ವಅಲೈಕುಮ್ ಅಸ್ಸಲಾಮ್ ಸಹೋದರಿ. ಒಂದಷ್ಟು ಕಾಲ ದರ್ಸ್‌ನಲ್ಲಿ ಕಿತಾಬ್ ಓದಿದವನು ನಾನು, ಈಗ ಮಂಗಳೂರಿನಲ್ಲಿ ಅಂಗಡಿ ನಡೆಸುತ್ತೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ದೇವದೂತ ಜಿಬ್ರೀಲ್ ಮನುಷ್ಯರೂಪದಲ್ಲಿ ಬಂದು ಪ್ರವಾದಿ(ಸ)ಯವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪ್ರಶ್ನೆ ಕೇಳಿದ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ನಿಮಗೆ ಗೊತ್ತೇ ಇರುತ್ತದೆ. ಇಹ್ಸಾನ್ ಎಂದರೇನು ಎಂಬುದಕ್ಕೆ ಅಲ್ಲಿ ಸಿಕ್ಕ ಉತ್ತರ: ಅಲ್ಲಾಹನನ್ನು ಕಾಣುತ್ತಿರುವಂತೆ ಅವನನ್ನು ಆರಾಧಿಸು, ನೀನು ಅವನನ್ನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ. ಇಲ್ಲಿ ಕೆಲಸದ ಗುಣಮಟ್ಟದ ಅಳತೆಯೇ ಇಲ್ಲ ಎಂಬುದನ್ನು ಗಮನಿಸಿ. ನೋಡುತ್ತಿರುವವನು ಯಾರು ಎಂಬುದಷ್ಟೇ ಇದೆ. ಉತ್ತರದ ಎರಡನೆಯ ಭಾಗ ಮೊದಲನೆಯದು ಕೈಗೆಟುಕದವರಿಗಾಗಿಯೇ ಇದೆ. ಅತ್ಯುನ್ನತ ಸ್ಥಾನವನ್ನು ವಿವರಿಸುವ ವಾಕ್ಯದೊಳಗೇ "ಅಷ್ಟು ಆಗದಿದ್ದರೆ" ಎಂಬ ಬಾಗಿಲು ತೆರೆದಿಟ್ಟಿದ್ದಾರೆ.

ಈಗ ನಿಮ್ಮ ತಜ್ವೀದ್ ತರಗತಿಗೆ ಬನ್ನಿ. ಅಲ್ಲಿ ನೋಡುತ್ತಿದ್ದವರು ಯಾರು? ನಿಮ್ಮ ಮಾತಿನ ಪ್ರಕಾರ ನಿಮಗಿಂತ ಚಿಕ್ಕವರು. ಹಳೆಯ ಸೂಫಿ ಫುದೈಲ್ ಇಬ್ನ್ ಇಯಾದ್ ಅವರದೆಂದು ಹೇಳಲಾಗುವ ಕಟುವಾದ ಮಾತೊಂದಿದೆ: ಜನರಿಗಾಗಿ ಒಳ್ಳೆಯ ಕೆಲಸವನ್ನು ಬಿಡುವುದು ರಿಯಾ (ತೋರಿಕೆ), ಜನರಿಗಾಗಿ ಮಾಡುವುದು ಶಿರ್ಕ್ (ಅಲ್ಲಾಹನಿಗೆ ಸಮಾನರನ್ನು ನಿಲ್ಲಿಸುವುದು), ಎರಡರಿಂದಲೂ ಅಲ್ಲಾಹನು ಕಾಪಾಡಿದರೆ ಅದು ಇಖ್ಲಾಸ್ (ಶುದ್ಧ ನಿಷ್ಠೆ). ತೋರಿಕೆಗೆ ಮಾಡುವುದನ್ನು ನಾವೆಲ್ಲ ಕೆಟ್ಟದ್ದೆನ್ನುತ್ತೇವೆ, ಜನರ ಕಣ್ಣಿಗೆ ಹೆದರಿ ಬಿಡುವುದನ್ನು ಮಾತ್ರ ವಿನಯ ಎಂದು ಕರೆದು ಸುಮ್ಮನಾಗುತ್ತೇವೆ.

ತೊದಲುವವರ ಬಗ್ಗೆ ಆಯಿಷಾ(ರ) ವರದಿ ಮಾಡಿದ ಹದೀಸ್ ಬುಖಾರಿ, ಮುಸ್ಲಿಮ್ ಎಂಬ ಹದೀಸ್ ಸಂಗ್ರಹಗಳೆರಡರಲ್ಲೂ ಇದೆ. ಕುರ್‌ಆನನ್ನು ನಿರರ್ಗಳವಾಗಿ ಓದಬಲ್ಲವರು ಗೌರವಾನ್ವಿತ ಮಲಕುಗಳ (ದೇವದೂತರ) ಜೊತೆಗಿರುತ್ತಾರೆ, ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ. ನೀವು ತರಗತಿ ಬಿಟ್ಟು ಕಳೆದುಕೊಂಡದ್ದು ಈ ಎರಡನ್ನು.

ನೇರಮಾತು:

ನಾನು ವಿಜಯಪುರದ ನಿವೃತ್ತ ಮುಖ್ಯೋಪಾಧ್ಯಾಯ. ಕಟುವಾಗಿ ಬರೆದರೆ ಬೇಸರಿಸಬೇಡಿ.

ಇತ್ತೀಚೆಗೆ ಎಲ್ಲೆಲ್ಲೂ ಇದೇ ಸಮಾಧಾನದ ಮಾತು. ತೊದಲಿದರೂ ಪರವಾಗಿಲ್ಲ, ತಡವಾದರೂ ಪರವಾಗಿಲ್ಲ, ಅಲ್ಲಾಹನು ಕ್ಷಮಾಶೀಲ. ಮಸೀದಿಗೆ ಬಂದವನೊಬ್ಬ ಅವಸರವಸರವಾಗಿ ನಮಾಜ್ ಮುಗಿಸಿ ಬಂದು ಸಲಾಂ ಹೇಳಿದಾಗ ಪ್ರವಾದಿ(ಸ)ಯವರು ಏನೆಂದರು? "ಹಿಂದಿರುಗಿ ಹೋಗಿ ನಮಾಜ್ ಮಾಡು, ನೀನು ನಮಾಜ್ ಮಾಡಿಲ್ಲ." ಮೂರು ಸಲ ಹೀಗೆ ಕಳುಹಿಸಿದರು. ಪರವಾಗಿಲ್ಲ ಬಿಡು ಎನ್ನಲಿಲ್ಲ. ನನ್ನ ಸೇವೆಯ ಕಾಲದಲ್ಲಿ ಅರ್ಧಂಬರ್ಧ ಕೆಲಸ ಮಾಡಿ ಇನ್ಶಾ ಅಲ್ಲಾಹ್ ಎಂದವರನ್ನು ಬಹಳ ಕಂಡಿದ್ದೇನೆ. ನಮ್ಮ ಸಮುದಾಯಕ್ಕೆ ಅಂಟಿರುವ ರೋಗ ಪರಿಪೂರ್ಣತೆಯ ಹಂಬಲವಲ್ಲ, ಹೇಗೋ ಮಾಡಿ ಮುಗಿಸುವ ಚಾಳಿ. ಈ ಮಗಳು ಸರಿಯಾಗಿಯೇ ಇದ್ದಾಳೆ, ಅವಳನ್ನು ಕೆಡಿಸಬೇಡಿ.

ಕಡಲ ಕಿನಾರೆ:

ಮೇಷ್ಟ್ರೇ, ಆ ಹದೀಸನ್ನು ಅರ್ಧಕ್ಕೆ ನಿಲ್ಲಿಸಿದಿರಿ. ಮೂರನೆಯ ಸಲ ಆ ಮನುಷ್ಯ "ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಕಲಿಸಿಕೊಡಿ" ಎಂದ. ಆಗ ಒಂದೊಂದಾಗಿ ಕಲಿಸಿದರು: ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳು, ಕುರ್‌ಆನಿನಿಂದ ನಿನಗೆ ಸುಲಭವಾದುದನ್ನು ಓದು, ಬಾಗಿ ರುಕೂಅ್ ಮಾಡಿ ಅದರಲ್ಲಿ ನೆಮ್ಮದಿಯಾಗಿ ನಿಲ್ಲು. ಅವರು ತಿದ್ದಿದ್ದು ಅವಸರವನ್ನು. ಓದಿನ ವಿಷಯದಲ್ಲಿ "ನಿನಗೆ ಸುಲಭವಾದುದು" ಎಂದೇ ಹೇಳಿದರು. ನಿಮ್ಮ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಆತ ಹಿಂದಿರುಗಿ ಹೋಗಿ ಮತ್ತೆ ನಮಾಜಿಗೆ ನಿಂತ, ಈ ಸಹೋದರಿ ಹಿಂದಿರುಗಿ ಹೋಗುತ್ತಲೇ ಇಲ್ಲ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಹೇಗೆ?

ಬೀದರ್ ಕರಿಮಣ್ಣು:

ತಡವಾಗಿ ಬಂದೆ. ನಮ್ಮದು ಬಿದರಿ ಕೆಲಸದ ಮನೆ. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದ ಮೇಲೆ ಈ ಕೆಲಸ ಹೊರಗಿನವರಿಗೂ ಸ್ವಲ್ಪ ತಿಳಿದಿದೆ. ತುಂಗಾತೀರ ಆಪಾ (ಅಕ್ಕ) ಕೇಳಿದ ಪ್ರಶ್ನೆಗೆ ನನಗೆ ತೋಚುವುದು ಕೈಕೆಲಸದ ಕಡೆಯಿಂದ.

ಸತು ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಪಾತ್ರೆ ಎರಕ ಹೊಯ್ಯುತ್ತೇವೆ. ನಯಗೊಳಿಸಿ ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಮೊನೆಯಿಂದ ಗೆರೆ ಎಳೆದು ಹೂಬಳ್ಳಿ ಬಿಡಿಸಿ, ಉಳಿಯಿಂದ ಕೊರೆದು, ಕೊರೆದ ಕಡೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತೇವೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರಿನಲ್ಲಿ ಹಾಕಿದರೆ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕೊರೆದ ಗೆರೆಯನ್ನು ಅಳಿಸುವ ರಬ್ಬರ್ ನಮ್ಮಲ್ಲಿಲ್ಲ. ಉಳಿ ಕೂದಲೆಳೆಯಷ್ಟು ಆಚೆ ಸರಿದರೆ ಮುಂದಿನ ಎಲೆಯನ್ನು ಅದಕ್ಕೆ ಹೊಂದಿಸಿ ಬಿಡಿಸಬೇಕು. ಅಬ್ಬಾಜಿ ಹೊಸಬರ ಕೈ ನೋಡುವಾಗ ಗೆರೆ ನೆಟ್ಟಗಿದೆಯೇ ಎಂದು ಮೊದಲು ನೋಡುವುದಿಲ್ಲ, ತಂತಿ ಗಟ್ಟಿಯಾಗಿ ಕೂತಿದೆಯೇ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ. ಕೊಂಡವರ ಮನೆಯಲ್ಲಿ ಬೆಳ್ಳಿ ಕಿತ್ತುಬರಬಾರದು, ಅಷ್ಟೇ ಅವರ ಚಿಂತೆ.

ಅಲ್ಲಾಹನು ಎಲ್ಲದರಲ್ಲೂ ಇಹ್ಸಾನನ್ನು ವಿಧಿಸಿದ್ದಾನೆ ಎಂಬ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ, ಶದ್ದಾದ್ ಇಬ್ನ್ ಔಸ್(ರ) ವರದಿ ಮಾಡಿದ್ದು. ಅದರ ಉದಾಹರಣೆ ಏನು ಗೊತ್ತೇ? ಕಟುಕನ ಕೆಲಸ. ಪ್ರಾಣಿಯನ್ನು ಕೊಯ್ಯುವಾಗ ಕತ್ತಿಯನ್ನು ಹರಿತ ಮಾಡಿಕೊಳ್ಳಿ, ಅದಕ್ಕೆ ಹಿಂಸೆಯಾಗದಂತೆ ನೋಡಿಕೊಳ್ಳಿ ಎನ್ನುತ್ತದೆ. ಕತ್ತಿ ಹರಿತವಾಗಿರಬೇಕಾದದ್ದು ಪ್ರಾಣಿಗಾಗಿ. ಕತ್ತಿಯನ್ನೇ ದಿನವಿಡೀ ಮಸೆಯುತ್ತಾ ಕೂತು, ಹೊಳಪು ನೋಡುತ್ತಾ, ಕಟ್ಟಿಹಾಕಿದ ಪ್ರಾಣಿಯನ್ನು ಬಿಸಿಲಿನಲ್ಲಿ ಕಾಯಿಸಿದರೆ ಅದು ಇಹ್ಸಾನ್ ಆಗುತ್ತದೆಯೇ? ನನ್ನ ಪ್ರಕಾರ ವ್ಯತ್ಯಾಸ ಇಲ್ಲಿದೆ ಆಪಾ. ಇಹ್ಸಾನಿನ ಅಳತೆ ಕೆಲಸ ಯಾರಿಗೆ ತಲುಪುತ್ತದೋ ಅವರಲ್ಲಿದೆ. ನಿಮ್ಮ ಅಧ್ಯಾಯಕ್ಕಾಗಿ ಕಾಯುತ್ತಾ ಸುಮ್ಮನಾಗಿರುವ ಮಾರ್ಗದರ್ಶಕರ ಮೇಲೆ ನೀವು ಇಹ್ಸಾನ್ ಮಾಡುತ್ತಿಲ್ಲ.

ತುಂಗಾತೀರ:

ಭಾಯಿ, ಕೊನೆಯ ವಾಕ್ಯ ಸ್ವಲ್ಪ ಜೋರಾಗಿಯೇ ತಾಗಿತು. ಉತ್ತರಪತ್ರಿಕೆಗಳ ವಿಷಯ ನಾನು ಇಲ್ಲಿ ಬರೆದಿರಲಿಲ್ಲ. ಒಂದೊಂದರಲ್ಲೂ ಉದ್ದುದ್ದ ಟಿಪ್ಪಣಿ ಬರೆಯದೆ ಹಿಂದಿರುಗಿಸುವುದಿಲ್ಲ ಎಂದು ಇಟ್ಟುಕೊಳ್ಳುತ್ತೇನೆ. ಅದು ಮಕ್ಕಳ ಕೈ ಸೇರುವ ಹೊತ್ತಿಗೆ ಅವರು ಆ ಪಾಠವನ್ನೇ ಮರೆತಿರುತ್ತಾರೆ.

ಹೊಸ ಓದುಗ:

ನಾನು ಮುಸ್ಲಿಮನಲ್ಲ, ಧಾರವಾಡದವನು, ಮೂರು ತಿಂಗಳ ಕೆಲಸವನ್ನು ಮೂರು ದಿನದಲ್ಲಿ ಕೇಳುವ ಸಾಫ್ಟ್‌ವೇರ್ ಜಗತ್ತಿನಲ್ಲಿದ್ದೇನೆ. ಇದೇ ಕಾಯಿಲೆ ನನಗೂ ಇರುವುದರಿಂದ ಓದುತ್ತಾ ಬಂದೆ. ತಪ್ಪು ತಿಳಿಯಬೇಡಿ, ಒಂದು ಸಂಶಯ. ದೇವರು ಪ್ರತಿ ಕ್ಷಣವೂ ನೋಡುತ್ತಿದ್ದಾನೆ ಎಂದರೆ ಒತ್ತಡ ಇನ್ನೂ ಹೆಚ್ಚಾಗಬೇಕಲ್ಲವೇ? ನನ್ನ ಮೇಲಧಿಕಾರಿ ಹಿಂದೆ ನಿಂತು ಪರದೆ ನೋಡಿದರೆ ನನಗೆ ಒಂದು ಸಾಲೂ ಬರೆಯಲಾಗುವುದಿಲ್ಲ. ಸದಾ ನೋಡುವವನು, ಅದರಲ್ಲೂ ಏನನ್ನೂ ಮರೆಯದವನು ಎಂದರೆ ಕೈಕಾಲು ಆಡುವುದು ಹೇಗೆ?

ಲೆಕ್ಕಪತ್ರ:

ಒಳ್ಳೆಯ ಪ್ರಶ್ನೆ ಕೇಳಿದಿರಿ ಸರ್. ಭಟ್ಕಳದವನು, ದಮ್ಮಾಮ್‌ನಲ್ಲಿ ಲೆಕ್ಕಪತ್ರದ ಕೆಲಸ. ನನ್ನ ಕಸುಬಿನ ಭಾಷೆಯಲ್ಲೇ ಹೇಳುತ್ತೇನೆ.

ನಿಮ್ಮ ಮೇಲಧಿಕಾರಿಗೆ ಪರದೆ ಮಾತ್ರ ಕಾಣುತ್ತದೆ. ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂದದ್ದು ಕಾಣುವುದಿಲ್ಲ, ನೀವು ಮಾಡಬೇಕೆಂದುಕೊಂಡು ಮಾಡಲಾಗದೆ ಹೋದದ್ದು ಕಾಣುವುದಿಲ್ಲ. ಎಲ್ಲವನ್ನೂ ಕಾಣುವವನಿಗೆ ಅವೂ ಕಾಣುತ್ತವೆ. ಅರ್ಧ ಕಾಣುವ ಕಣ್ಣಿಗೆ ಹೆದರಬೇಕು, ಪೂರ್ತಿ ಕಾಣುವ ಕಣ್ಣಿನ ಮುಂದೆ ಉಸಿರಾಡಬಹುದು ಎಂಬುದು ನನ್ನ ಅನುಭವ.

ಆ ಕಣ್ಣು ಇಡುವ ಲೆಕ್ಕ ಹೇಗಿದೆ ನೋಡಿ. ಇಬ್ನ್ ಅಬ್ಬಾಸ್(ರ) ವರದಿ ಮಾಡಿದ ಹದೀಸ್: ಒಳ್ಳೆಯದನ್ನು ಮಾಡಲು ನಿಶ್ಚಯಿಸಿ ಮಾಡಲಾಗದಿದ್ದರೂ ಪೂರ್ತಿ ಒಂದು ಪುಣ್ಯ ಜಮೆ. ಮಾಡಿದರೆ ಹತ್ತರಿಂದ 700 ಪಟ್ಟು, ಅದಕ್ಕೂ ಹೆಚ್ಚು. ಕೆಟ್ಟದ್ದನ್ನು ನಿಶ್ಚಯಿಸಿ ಕೈಬಿಟ್ಟರೆ ಅದಕ್ಕೂ ಒಂದು ಪುಣ್ಯ. ಮಾಡಿಯೇಬಿಟ್ಟರೆ ಒಂದೇ ಒಂದು ಪಾಪ. ಕಾಯಿಲೆ ಬಿದ್ದವನಿಗೆ, ಪ್ರಯಾಣದಲ್ಲಿರುವವನಿಗೆ, ಆರೋಗ್ಯವಾಗಿ ಊರಿನಲ್ಲಿದ್ದಾಗ ಮಾಡುತ್ತಿದ್ದುದನ್ನೇ ಬರೆದುಕೊಳ್ಳಲಾಗುತ್ತದೆ ಎಂದು ಬುಖಾರಿಯಲ್ಲಿದೆ. ನಾನು ಕಚೇರಿಯಲ್ಲಿ ಇಂಥ ಲೆಕ್ಕ ಬರೆದರೆ ಅವತ್ತೇ ವಿಮಾನ ಹತ್ತಿಸುತ್ತಾರೆ! ಆಪಾ ಅವರ ಲೆಕ್ಕದ ಪುಸ್ತಕ ಇದಕ್ಕೆ ತದ್ವಿರುದ್ಧ. ಅದರಲ್ಲಿ ಜಮೆಯ ಕಡೆ ಖಾಲಿ, ಖರ್ಚಿನ ಕಡೆ ತುಂಬಿ ತುಳುಕುತ್ತಿದೆ. ಆ ಪುಸ್ತಕ ಬರೆಯುತ್ತಿರುವುದು ಅವರೇ.

ಇನ್ನೊಂದು. ಕಿಯಾಮತ್ ದಿನ ಮೊದಲು ಲೆಕ್ಕಕ್ಕೆ ಬರುವುದು ನಮಾಜ್. ಕಡ್ಡಾಯವಾದ ಫರ್ಳ್‌ನಲ್ಲಿ ಕೊರತೆ ಕಂಡರೆ, ನನ್ನ ದಾಸನ ಬಳಿ ಐಚ್ಛಿಕವಾದ ಸುನ್ನತ್ ನಮಾಜುಗಳಿವೆಯೇ ನೋಡಿ, ಅದರಿಂದ ತುಂಬಿಸಿ ಎಂದು ಅಲ್ಲಾಹನು ಹೇಳುವ ಹದೀಸ್ ತಿರ್ಮಿದಿ, ಅಬೂದಾವೂದ್‌ಗಳಲ್ಲಿದೆ. ಕೊರತೆ ಇದ್ದೇ ಇರುತ್ತದೆ ಎಂದು ಮೊದಲೇ ಅಂದಾಜು ಮಾಡಿ ಹಾಕಿದ ಲೆಕ್ಕ ಅದು. ಇನ್ನು ದಿನಾ ಐದು ಸಲ ನಾವು ಯೋಚಿಸದೆ ಮಾಡುವ ಕೆಲಸ ನೋಡಿ: ಸಲಾಂ ಹೇಳಿ ನಮಾಜ್ ಮುಗಿದ ಕೂಡಲೇ ಮೂರು ಸಲ ಅಸ್ತಗ್‌ಫಿರುಲ್ಲಾಹ್. ಪ್ರವಾದಿ(ಸ)ಯವರು ಹೀಗೆ ಮಾಡುತ್ತಿದ್ದರೆಂದು ಸೌಬಾನ್(ರ) ಹೇಳಿದ್ದಾರೆ. ಪಾಪ ಮಾಡಿದ ಮೇಲಲ್ಲ, ಒಳ್ಳೆಯ ಕೆಲಸ ಮುಗಿಸಿದ ಮೇಲೆ ಕ್ಷಮೆ ಕೇಳುವುದು. ಅಂದರೆ ಈ ಕೆಲಸದಲ್ಲಿ ಕುಂದಿದೆ, ಗೊತ್ತಿದೆ, ಕ್ಷಮಿಸು, ಈಗ ಏಳುತ್ತೇನೆ. ಮತ್ತೆ ಮೊದಲಿನಿಂದ ಮಾಡುತ್ತೇನೆ ಎಂದಲ್ಲ.

ಹೊಸ ಓದುಗ:

ಧನ್ಯವಾದ ಸರ್. ಕೊನೆಯ ಭಾಗವನ್ನು ಬರೆದಿಟ್ಟುಕೊಂಡೆ. ನಮ್ಮಲ್ಲೂ ಪೂಜೆಯ ಕೊನೆಗೆ ಮಂತ್ರಲೋಪ, ಕ್ರಿಯಾಲೋಪಗಳಿಗೆ ಕ್ಷಮೆ ಬೇಡುವ ಶ್ಲೋಕವಿದೆ. ಅಜ್ಜ ಅದನ್ನು ಹೇಳಿ ನಿರಾಳವಾಗಿ ಊಟಕ್ಕೆ ಏಳುತ್ತಿದ್ದರು.

ತುಂಗಾತೀರ:

ಇನ್ನೊಂದು ವಿಷಯ ಕೇಳಬೇಕು, ಇದು ನನ್ನದಲ್ಲ, ಹತ್ತಿರದ ಸಂಬಂಧಿಯೊಬ್ಬಳದು. ಅವಳಿಗೆ ವುಜೂ (ನಮಾಜಿಗೆ ಮೊದಲು ಮುಖ, ಕೈಕಾಲು ತೊಳೆಯುವುದು) ಮುಗಿಯುವುದೇ ಇಲ್ಲ. ಮೊಣಕೈ ನೆನೆಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತೊಳೆಯುತ್ತಾಳೆ. ಕೈ ಬಿಳುಚಿ ಸುಲಿದಿದೆ. ನಮಾಜಿಗೆ ನಿಂತರೆ ನಿಯ್ಯತ್ (ಸಂಕಲ್ಪ) ಸರಿಯಾಯಿತೋ ಇಲ್ಲವೋ ಎಂದು ತಕ್ಬೀರನ್ನು ಕಡಿದು ಕಡಿದು ಮತ್ತೆ ಹೇಳುತ್ತಾಳೆ. ಇದೂ ಪರಿಪೂರ್ಣತೆಯ ಹಂಬಲವೇ?

ರಾತ್ರಿಪಾಳಿ:

ಬೆಂಗಳೂರಿನಲ್ಲಿ ಮನೋರೋಗ ವಿಭಾಗದ ನರ್ಸ್ ನಾನು. ಅಕ್ಕಾ, ಇದನ್ನು ನಿಮ್ಮ ವಿಷಯದ ಜೊತೆ ಕಲಸಬೇಡಿ. ನೀವು ಹೇಳುತ್ತಿರುವುದು ಒಸಿಡಿ, ಅಂದರೆ ಗೀಳು ಕಾಯಿಲೆಯ ಲಕ್ಷಣಗಳಂತೆ ಕಾಣುತ್ತದೆ. ಖಚಿತವಾಗಿ ಹೇಳಬೇಕಾದವರು ವೈದ್ಯರು. ಇದು ಈಮಾನಿನ ಕೊರತೆಯಲ್ಲ, ತಖ್ವಾದ ಹೆಚ್ಚಳವೂ ಅಲ್ಲ. ದುಆ ಮಾಡು, ಸರಿಹೋಗುತ್ತದೆ ಎಂದು ಹೇಳಿ ಬಿಡಬೇಡಿ, ಬೈಯಲೂ ಬೇಡಿ. ಚಿಕಿತ್ಸೆ ಇದೆ. ಔಷಧಿಯೂ ಇದೆ, ಗೀಳು ಬಂದಾಗ ಮತ್ತೆ ತೊಳೆಯದೆ ಆ ಕಳವಳವನ್ನು ತಡೆದುಕೊಳ್ಳುವುದನ್ನು ಹಂತಹಂತವಾಗಿ ಕಲಿಸುವ ಚಿಕಿತ್ಸೆಯೂ ಇದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಅಷ್ಟು ದೂರ ಬರಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಮೊದಲು ಮಾತನಾಡಬೇಕೆಂದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತನಾಡುತ್ತಾರೆ.

ಮನೆಯವರು ಮಾಡುವ ಒಂದು ಕೆಲಸ ನಿಲ್ಲಬೇಕು. "ಹೌದಮ್ಮಾ, ನೆನೆದಿದೆ, ನಾನು ನೋಡಿದೆ" ಎಂದು ಪ್ರತಿ ಸಲವೂ ಧೈರ್ಯ ಹೇಳುವುದು. ಆ ಕ್ಷಣಕ್ಕೆ ಸಮಾಧಾನವಾಗುತ್ತದೆ, ಮರುಕ್ಷಣ ಗೀಳು ಇನ್ನಷ್ಟು ಬಲಿಯುತ್ತದೆ. ಆದರೆ ಇದನ್ನು ಒಮ್ಮೆಲೇ ನಿಲ್ಲಿಸಬೇಡಿ, ಹೇಗೆ ಕಡಿಮೆ ಮಾಡುವುದೆಂದು ಚಿಕಿತ್ಸೆ ಕೊಡುವವರೇ ಹೇಳುತ್ತಾರೆ. ರೋಗಿ ಧರ್ಮನಿಷ್ಠರಾಗಿದ್ದರೆ ತಿಳುವಳಿಕೆಯುಳ್ಳ ಒಬ್ಬ ಆಲಿಮ್ (ಧರ್ಮವಿದ್ವಾಂಸ) ಜೊತೆಗಿದ್ದರೆ ಒಳ್ಳೆಯದು. ಬಲ್ಖ್‌ನ ಅಬೂ ಜೈದ್ ಎಂಬ ವಿದ್ವಾಂಸರು ಸಾವಿರ ವರ್ಷಗಳಿಗೂ ಹಿಂದೆಯೇ ದೇಹದ ಆರೋಗ್ಯದ ಪಕ್ಕದಲ್ಲಿ ಮನಸ್ಸಿನ ಆರೋಗ್ಯವನ್ನಿಟ್ಟು, ವಸ್ವಾಸ್ (ಮತ್ತೆ ಮತ್ತೆ ಕಾಡುವ ಸಂಶಯ) ಬಗ್ಗೆ ಬೇರೆಯಾಗಿಯೇ ಬರೆದಿದ್ದರು. ನಾವು ಮಾತ್ರ ಇನ್ನೂ ನಾಚಿಕೊಳ್ಳುತ್ತಿದ್ದೇವೆ.

ಕಡಲ ಕಿನಾರೆ:

ನರ್ಸ್ ಸಹೋದರಿಯ ಮಾತು ಮೊದಲು, ನನ್ನದು ಆಮೇಲೆ. ಫಿಕ್ಹ್, ಅಂದರೆ ಧರ್ಮದ ನಿಯಮಶಾಸ್ತ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಪ್ರವಾದಿ(ಸ)ಯವರು ವುಜೂ ಮಾಡುತ್ತಿದ್ದದ್ದು ಒಂದು ಮುದ್ದ್ ನೀರಿನಲ್ಲಿ. ಒಂದು ಲೀಟರಿಗೂ ಕಡಿಮೆ. ಮೂರಕ್ಕಿಂತ ಹೆಚ್ಚು ಸಲ ತೊಳೆಯುವುದನ್ನು ಅವರು ಮೇರೆ ಮೀರಿದ ವರ್ತನೆ ಎಂದಿದ್ದಾರೆ. ಖಚಿತವಾದುದನ್ನು ಸಂಶಯ ಅಳಿಸಲಾರದು ಎಂಬುದು ಫಿಕ್ಹ್‌ನ ಬುನಾದಿ ಸೂತ್ರಗಳಲ್ಲಿ ಒಂದು. ನಮಾಜಿನಲ್ಲಿ ಗಾಳಿ ಹೋದಂತೆ ಭಾಸವಾಗುತ್ತದೆ ಎಂದು ದೂರಿದವನಿಗೆ, ಶಬ್ದ ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಜ್ ಬಿಡಬೇಡ ಎಂದೇ ಉತ್ತರ ಬಂತು.

ನಮ್ಮ ಕರಾವಳಿಯ ಶಾಫಿಈ ಮದ್ಹಬಿನವರಲ್ಲಿ (ಫಿಕ್ಹ್‌ನ ಒಂದು ಪಂಥ) ನಿಯ್ಯತ್ತಿನ ಗೀಳು ಹೆಚ್ಚು. ತಕ್ಬೀರಿನ ಜೊತೆಜೊತೆಗೇ ನಿಯ್ಯತ್ ಇರಬೇಕು ಎಂಬ ನಿಯಮ ಇರುವುದರಿಂದ ಅಕ್ಷರ ಅಕ್ಷರಕ್ಕೂ ಜೋಡಿಸಲು ಹೊರಟು ಒದ್ದಾಡುವವರನ್ನು ಕಂಡಿದ್ದೇನೆ. ಸಾಮಾನ್ಯ ಜನರ ರೂಢಿಯಲ್ಲಿ ಜೊತೆಗಿದೆ ಎನ್ನಿಸಿದರೆ ಸಾಕು ಎಂದು ಗಜ್ಜಾಲಿ ಹೇಳಿದ್ದಾರೆ, ಮದ್ಹಬಿನ ಸ್ತಂಭವಾದ ಇಮಾಮ್ ನವವಿಯವರು ಅದನ್ನೇ ಆರಿಸಿಕೊಂಡಿದ್ದಾರೆ. ಒಳನಾಡಿನ ಹನಫಿ ಮದ್ಹಬಿನವರಲ್ಲೂ ಹೀಗೆಯೇ: ಎಷ್ಟು ರಕಅತ್ (ನಮಾಜಿನ ಒಂದು ಆವರ್ತನ) ಆಯಿತೆಂಬ ಸಂಶಯ ಪದೇಪದೇ ಕಾಡುವವನು ಪ್ರತಿ ಸಲ ಮೊದಲಿನಿಂದ ಶುರುಮಾಡಬೇಕಿಲ್ಲ, ಮನಸ್ಸು ವಾಲಿದ ಕಡೆ ನಂಬಿ ಮುಂದುವರಿಯಬೇಕು.

ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಜುಲ್‌ಯದೈನ್ ಅವರದು. ಒಂದು ದಿನ ನಾಲ್ಕು ರಕಅತ್‌ನ ನಮಾಜನ್ನು ಪ್ರವಾದಿ(ಸ)ಯವರು ಎರಡಕ್ಕೇ ಮುಗಿಸಿ, ಮಸೀದಿಯಲ್ಲಿದ್ದ ಒಂದು ಮರದ ದಿಮ್ಮಿಗೆ ಒರಗಿ ನಿಂತರು. ಅಬೂಬಕರ್, ಉಮರ್ ಇಬ್ಬರೂ ಅಲ್ಲೇ ಇದ್ದರು, ಕೇಳಲು ಧೈರ್ಯ ಬರಲಿಲ್ಲ. ಉದ್ದ ಕೈಗಳ ಒಬ್ಬ ಮನುಷ್ಯ ಎದ್ದು, "ಅಲ್ಲಾಹನ ರಸೂಲರೇ, ನಮಾಜ್ ಕಡಿಮೆಯಾಯಿತೇ, ಇಲ್ಲ ನೀವು ಮರೆತಿರೇ?" ಎಂದು ಕೇಳಿದ. "ಎರಡೂ ಅಲ್ಲ" ಎಂದರು. ಉಳಿದವರನ್ನು ವಿಚಾರಿಸಿದಾಗ ಹೌದೆಂದರು. ಮುಂದೆ ಬಂದು ಬಿಟ್ಟುಹೋದಷ್ಟನ್ನು ಪೂರೈಸಿ, ಹಣೆಯನ್ನು ನೆಲಕ್ಕಿಟ್ಟು ಎರಡು ಸಜ್ದಾ ಮಾಡಿದರು. ಅಷ್ಟೇ. ಇಡೀ ನಮಾಜನ್ನು ಮತ್ತೆ ಮಾಡಲಿಲ್ಲ. ಇನ್ನೊಂದು ಸಂದರ್ಭದಲ್ಲಿ, ನಾನೂ ನಿಮ್ಮಂತೆ ಮನುಷ್ಯ, ನೀವು ಮರೆಯುವಂತೆ ಮರೆಯುತ್ತೇನೆ, ಮರೆತರೆ ನೆನಪಿಸಿ ಎಂದರು. ಸಜ್ದಾ ಸಹ್ವ್ (ಮರೆವಿನ ಸಜ್ದಾ) ಎಂಬ ವಿಧಿ ನಮಗೆ ಸಿಕ್ಕಿದ್ದೇ ಇಂಥ ಮರೆವುಗಳಿಂದ.

ತುಂಗಾತೀರ ಸಹೋದರಿಯ ಫಜ್ರ್ ವಿಷಯಕ್ಕೂ ಹೀಗೆಯೇ ಒಂದು ಪ್ರಸಂಗವಿದೆ. ಖೈಬರ್‌ನಿಂದ ಹಿಂದಿರುಗುವಾಗ ರಾತ್ರಿ ತಂಗಿದರು, ಎಬ್ಬಿಸುವ ಹೊಣೆ ಬಿಲಾಲ್(ರ) ಅವರದು. ಅವರೂ ಒಂಟೆಗೆ ಒರಗಿ ನಿದ್ದೆಹೋದರು. ಎಲ್ಲರನ್ನೂ ಎಬ್ಬಿಸಿದ್ದು ಬಿಸಿಲು. ಕೇಳಿದಾಗ, "ನಿಮ್ಮನ್ನು ಹಿಡಿದದ್ದೇ ನನ್ನನ್ನೂ ಹಿಡಿಯಿತು" ಎಂದರು ಬಿಲಾಲ್. ಸ್ವಲ್ಪ ಮುಂದೆ ಸಾಗಿ ನಿಂತು, ಜಮಾಅತ್ತಾಗಿ ಫಜ್ರ್ ಮಾಡಿ ದಾರಿ ಹಿಡಿದರು. ಮರೆತವನು ನೆನಪಾದಾಗ ಮಾಡಲಿ ಎಂಬ ಅಪ್ಪಣೆಯೂ ಆಗಲೇ ಬಂತು.

ನೇರಮಾತು:

ಬಿಲಾಲರ ಉತ್ತರವನ್ನು ನನ್ನ ವಿದ್ಯಾರ್ಥಿಗಳು ಕಲಿತರೆ ನನ್ನ ಗತಿ ಏನು ಎಂದು ಯೋಚಿಸುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ವುಜೂ ಪ್ರಶ್ನೆಯಲ್ಲಿ ನನ್ನ ತಕರಾರಿಲ್ಲ, ಅದು ವೈದ್ಯರ ಕೆಲಸ. ಅಧ್ಯಾಯ, ಉತ್ತರಪತ್ರಿಕೆಗಳ ವಿಷಯದಲ್ಲಿ ಬೀದರಿನವರ ಮಾತು ನನ್ನ ಮಾತಿಗಿಂತ ಗಟ್ಟಿ ಎಂದು ಒಪ್ಪುತ್ತೇನೆ. ಆದರೆ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಈ ಪರಿಪೂರ್ಣತೆಯ ಹುಚ್ಚು ನಮ್ಮ ಹೆಣ್ಣುಮಕ್ಕಳಿಗೆ ಎಲ್ಲಿಂದ ಬರುತ್ತಿದೆ? ರಂಜಾನ್ ಬಂತೆಂದರೆ ಮೊಬೈಲ್ ತುಂಬ ಬಣ್ಣಬಣ್ಣದ ವೇಳಾಪಟ್ಟಿ. ಮೊದಲ ಹತ್ತು ದಿನ ಕುರ್‌ಆನಿನ ಇಷ್ಟು ಜುಜ್ (ಭಾಗ), ಇಷ್ಟು ದಿಕ್ರ್ (ದೇವಸ್ಮರಣೆ), ಇಷ್ಟು ಬಗೆಯ ಇಫ್ತಾರ್ ತಿಂಡಿ, ಪರದೆಗೆ ಹೊಂದುವ ಮುಸಲ್ಲಾ (ನಮಾಜಿನ ಹಾಸು). ಮೂರನೆಯ ದಿನ ಒಂದು ಚೌಕ ಖಾಲಿ ಬಿದ್ದರೆ ಪಟ್ಟಿ ಕಸದ ಬುಟ್ಟಿಗೆ. ಅಲ್ಲಾಹನಿಗೆ ಪ್ರಿಯವಾದ ಕೆಲಸ ಕಡಿಮೆಯಾದರೂ ನಿರಂತರವಾಗಿರುವಂಥದ್ದು ಎಂಬ ಹದೀಸನ್ನು ಆ ಪಟ್ಟಿಯ ಮೇಲೆಯೇ ಅಂದದ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಅದು ಬೇರೆ.

ಕಡಲ ಕಿನಾರೆ:

ಮೇಷ್ಟ್ರು ಹೇಳಿದ್ದು ನಿಜ. ಪಟ್ಟಿಯ ಚಟ ಹೊಸದೂ ಅಲ್ಲ. ಅಬ್ದುಲ್ಲಾ ಇಬ್ನ್ ಅಮ್ರ್(ರ) ಯುವಕರಾಗಿದ್ದಾಗ ಪ್ರತಿದಿನ ಉಪವಾಸ, ಪ್ರತಿ ರಾತ್ರಿ ಇಡೀ ಕುರ್‌ಆನ್ ಎಂದು ಹೊರಟಿದ್ದರು. ತಿಂಗಳಿಗೆ ಮೂರು ಉಪವಾಸ ಸಾಕು ಎಂದರು ಪ್ರವಾದಿ(ಸ). ಅದಕ್ಕಿಂತ ಹೆಚ್ಚು ಮಾಡಬಲ್ಲೆ ಎಂದು ಇವರ ಹಟ. ಚೌಕಾಸಿ ನಡೆದು ನಡೆದು, ಒಂದು ದಿನ ಉಪವಾಸ ಒಂದು ದಿನ ಊಟ, ದಾವೂದ್ ಪ್ರವಾದಿಗಳ ಕ್ರಮ, ಅಲ್ಲಿಗೆ ನಿಂತಿತು. ಅದಕ್ಕಿಂತಲೂ ಉತ್ತಮವಾದುದನ್ನು ಮಾಡಬಲ್ಲೆ ಎಂದಾಗ, "ಅದಕ್ಕಿಂತ ಉತ್ತಮವಾದುದಿಲ್ಲ" ಎಂದುಬಿಟ್ಟರು. ಪರಿಪೂರ್ಣತೆಯ ಹಟಕ್ಕೆ ಚಾವಣಿಯೇ ಇಲ್ಲ, ಇಲ್ಲಿ ಚಾವಣಿ ಹಾಕಿದರು. ಮುದುಕರಾದ ಮೇಲೆ ಅಬ್ದುಲ್ಲಾ, ಆವತ್ತು ಪ್ರವಾದಿ(ಸ)ಯವರು ಕೊಟ್ಟ ರಿಯಾಯಿತಿಯನ್ನು ಒಪ್ಪಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನುತ್ತಿದ್ದರಂತೆ.

ಹೊಸ ಓದುಗ:

ಒಂದು ಕಥೆ ಕೇಳಿದ್ದೆ, ಪರ್ಷಿಯಾದ ಮುಸ್ಲಿಮ್ ನೇಕಾರರು ರತ್ನಗಂಬಳಿಯಲ್ಲಿ ಬೇಕೆಂದೇ ಒಂದು ತಪ್ಪು ಗಂಟು ಹಾಕುತ್ತಾರಂತೆ, ದೇವರೊಬ್ಬನೇ ಪರಿಪೂರ್ಣ ಎಂದು ತೋರಿಸಲು. ಬಿದರಿಯಲ್ಲೂ ಹಾಗಿದೆಯೇ?

ಬೀದರ್ ಕರಿಮಣ್ಣು:

ಪ್ರವಾಸಿಗಳಿಗೆ ಹೇಳುವ ಕಥೆ ಸರ್ ಅದು. ನಮ್ಮಲ್ಲಿ ಯಾರೂ ಹಾಗೆ ಮಾಡುವುದನ್ನು ನೋಡಿಲ್ಲ. ಬೇಕೆಂದೇ ಒಂದು ತಪ್ಪು ಮಾಡಬೇಕಾದವನು, ಅದೊಂದನ್ನು ಬಿಟ್ಟರೆ ತನ್ನ ಕೆಲಸ ಪರಿಪೂರ್ಣ ಎಂದು ನಂಬಿದ ಹಾಗಾಯಿತಲ್ಲ! ತಪ್ಪುಗಳು ಕರೆಯದೆಯೇ ಬರುತ್ತವೆ.

ಕಡಲ ಕಿನಾರೆ:

ಭಾಯಿ, ನಿಮ್ಮ ಉತ್ತರ ಓದಿ ನೆನಪಾಯಿತು. ನಮ್ಮ ಮನೆಗಳಲ್ಲಿ ರಾತ್ರಿ ಮಲಗುವ ಮೊದಲು ಓದುವ ಕುರ್‌ಆನಿನ ಅಧ್ಯಾಯ ಸೂರಃ ಮುಲ್ಕ್ ನೋಡಿ. ಎರಡನೆಯ ವಚನದಲ್ಲಿ ಮನುಷ್ಯನ ಪರೀಕ್ಷೆ: ನಿಮ್ಮಲ್ಲಿ ಯಾರ ಕೆಲಸ ಹೆಚ್ಚು ಒಳ್ಳೆಯದು ಎಂದು. ಮೂರು, ನಾಲ್ಕನೆಯ ವಚನಗಳಲ್ಲಿ ಏಳು ಆಕಾಶಗಳ ಮಾತು: ಕಣ್ಣು ಹಾಯಿಸಿ ನೋಡು, ಬಿರುಕು ಕಾಣುತ್ತದೆಯೇ, ಮತ್ತೆ ನೋಡು, ನಿನ್ನ ದೃಷ್ಟಿ ಸೋತು ಹಿಂದಿರುಗುತ್ತದೆ. ಬಿರುಕಿಲ್ಲದಿರುವುದು ಅವನ ಸೃಷ್ಟಿಯ ಗುಣ. ನಮ್ಮಿಂದ ಕೇಳಿದ್ದು "ಒಳ್ಳೆಯದು" ಮಾತ್ರ. ಪಕ್ಕಪಕ್ಕದ ವಚನಗಳು, ಬೇರೆ ಬೇರೆ ಅಳತೆಗಳು. ನಾನು ಇದನ್ನು ಎಷ್ಟೋ ವರ್ಷ ಸುಮ್ಮನೆ ಓದಿಕೊಂಡು ಹೋಗಿದ್ದೆ.

ತುಂಗಾತೀರ:

ಎಲ್ಲರಿಗೂ ಜಝಾಕುಮುಲ್ಲಾಹು ಖೈರನ್. ಸಂಬಂಧಿಯ ಮನೆಯವರ ಜೊತೆ ಮಾತನಾಡಿದೆ, 14416 ಸಂಖ್ಯೆಯನ್ನು ಅವಳ ಅಮ್ಮನಿಗೆ ಕೊಟ್ಟಿದ್ದೇನೆ, ಜಿಲ್ಲಾ ಆಸ್ಪತ್ರೆಗೆ ಹೋಗಲು ಒಪ್ಪಿದ್ದಾರೆ.

ಉತ್ತರಪತ್ರಿಕೆಗಳನ್ನು ಹಂಚಿದೆ, ಎರಡೆರಡು ಸಾಲಿನ ಟಿಪ್ಪಣಿಯೊಂದಿಗೆ. ಅಧ್ಯಾಯವನ್ನು ಮೇಷ್ಟ್ರು ಬೈಯುವ ಮೊದಲು ಇವತ್ತು ಮಧ್ಯಾಹ್ನ ಕಳುಹಿಸಿದೆ. ಕಳುಹಿಸಿದ ಮೇಲೆ ತೆರೆದು ನೋಡಿದರೆ ಪುಟದ ತಲೆಬರಹದಲ್ಲೇ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಮತ್ತೊಂದು ಮಿಂಚಂಚೆ ಬರೆಯಲು ಹೊರಟವಳು ಲೆಕ್ಕಪತ್ರ ಅಣ್ಣನವರ ಅಸ್ತಗ್‌ಫಿರುಲ್ಲಾಹ್ ನೆನೆದು ಗಣಕಯಂತ್ರ ಮುಚ್ಚಿದೆ. ಮುಚ್ಚಿದ್ದು ಸುಲಭವಾಗಿ ಏನಲ್ಲ.

ತಜ್ವೀದ್ ತರಗತಿ ಮುಂದಿನ ವಾರದಿಂದ. "ದ್ವಾದ್" ಅಕ್ಷರ ಮಾತ್ರ ಏನು ಮಾಡಿದರೂ ಬರುತ್ತಿಲ್ಲ. ದೊಡ್ಡವರಾದ ಮೇಲೆ ಕಲಿತವರು ಯಾರಾದರೂ ಇದ್ದರೆ ಉಪಾಯ ಹೇಳಿ.

ಲೆಕ್ಕಪತ್ರ:

ನಾಲಿಗೆಯ ಅಂಚನ್ನು ಮೇಲಿನ ದವಡೆಹಲ್ಲುಗಳ ಒಳಬದಿಗೆ ಒತ್ತಿ ಹೇಳಿ, ತುದಿಯಿಂದಲ್ಲ. ಎಡಬದಿಯಿಂದ ಸುಲಭ ಎನ್ನುತ್ತಾರೆ. ಆದರೂ ಬರದಿದ್ದರೆ ಚಿಂತೆ ಬೇಡ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಅರಬರಿಗೆ "ಬಾಳೆಹಣ್ಣು" ಹೇಳಿಕೊಡಲು ಹೋಗಿ ಸೋತಿದ್ದೇನೆ. ಅವರ ಬಾಯಲ್ಲಿ ಅದು ಇಂದಿಗೂ "ಬಾಲೆಹನ್ನು". ಹಣ್ಣನ್ನು ಮಾತ್ರ ಎಲ್ಲರೂ ತಿನ್ನುತ್ತಾರೆ.